ಬೀಗ ಒಡೆದಿರಲಿಲ್ಲ

"ಅಪ್ಪಾ, ಬಂತು! ನನ್ನ ಹೆಸರು ಅಳಿಸಿ ಹಾಕಿದಾರೆ ಅಪ್ಪಾ... ಕೇಸೇ ಇರಲಿಲ್ಲ ಅನ್ನೋ ಹಾಗೆ ಅಳಿಸಿ ಹಾಕಿದಾರೆ!"

ಮಗ ಸರ್ಕಾರದ ಕಾಗದ ಹಿಡಿದು ಒಳಗೆ ಓಡಿಬಂದ. ಅಪ್ಪ ಕನ್ನಡಕ ಹುಡುಕಿದ. ಸೊಸೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ಅರಳಿತು. ಮಗ ಅತ್ತ ತಿರುಗಲಿಲ್ಲ. ಜೈಲಿನಿಂದ ಬಂದ ಈ ಎಂಟು ತಿಂಗಳಲ್ಲಿ ಅವಳು ಬಡಿಸಿದ್ದನ್ನು ಉಂಡಿದ್ದಾನೆ, ಅವಳು ಒಗೆದ ಅಂಗಿ ತೊಟ್ಟಿದ್ದಾನೆ, ಒಂದು ಸಲವೂ ಹೆಂಡತಿಯ ಮುಖ ನೋಡಿ ಮಾತಾಡಿಲ್ಲ.

"ಇನ್ನು ಗಡಿಯಾರದ ಕಂಪನಿಯವರು ನನ್ನ ಬೇಡ ಅನ್ನೋ ಹಾಗಿಲ್ಲ. ದೊಡ್ಡ ಊರಲ್ಲಿ ಕೆಲಸ ಇದೆ. ಸೋಮವಾರ ಹೊರಡೋಣ ಅಪ್ಪಾ. ನಾನು, ನೀವು. ಇಬ್ಬರೇ."

"ಮತ್ತೆ... ಅವಳು?"

"ಗಂಡನ್ನ ಹಿಡಿದುಕೊಟ್ಟವಳು ಎಲ್ಲಿ ಬೇಕಾದ್ರೂ ಬದುಕ್ತಾಳೆ ಬಿಡಿ."

ಸೊಸೆ ಒಳಗೆ ಹೋಗಿ ಉಕ್ಕುತ್ತಿದ್ದ ಹಾಲನ್ನು ಇಳಿಸಿದಳು.

ಅಂಥ ಅಪರಾಧವೇನು ಎಂದು ಕೇಳಿದರೆ ಈಗ ನಗು ಬರುತ್ತದೆ. ಎರಡು ಹಿಡಿ ಗಾಂಜಾ! ಇಂದು ಅದೇ ಬೀದಿಯ ಮೂಲೆಯಲ್ಲಿ, ಗಾಜಿನ ಬಾಗಿಲಿನ ಅಂಗಡಿಯಲ್ಲಿ, ಅದನ್ನು ಚೀಟಿ ಅಂಟಿಸಿ ಮಾರುತ್ತಾರೆ. ಮಂಡಿ ನೋವಿನ ನಿವೃತ್ತ ಮೇಷ್ಟ್ರುಗಳು ಸರತಿಗಾಗಿ ಜಗಳವಾಡಿ ಕೊಂಡೊಯ್ಯುತ್ತಾರೆ. ಅಂದು ಅದೇ ಸೊಪ್ಪಿಗೆ ಐದು ವರ್ಷ ಜೈಲು. ಸೊಪ್ಪು ಅದೇ, ಬೀದಿಯೂ ಅದೇ, ಬದಲಾದದ್ದು ಕಾನೂನು ಒಂದೇ. ಹೋದ ವರ್ಷಗಳನ್ನು ಹಿಂತಿರುಗಿಸಿ ಎಂದು ಅರ್ಜಿ ಹಾಕಲು ಮಾತ್ರ ಇನ್ನೂ ಯಾವ ಕಚೇರಿಯೂ ಬಾಗಿಲು ತೆರೆದಿಲ್ಲ.

ಅವನು ಅದನ್ನು ತಂದದ್ದು ತಾಯಿಗಾಗಿ. ಅವಳಿಗೆ ಹೊಟ್ಟೆಯ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಔಷಧಿ ಏರಿಸಿಕೊಂಡು ಬಂದರೆ ಮೂರು ದಿನ ನೀರೂ ನಿಲ್ಲುತ್ತಿರಲಿಲ್ಲ. ಮಗ ಎಲ್ಲಿಂದಲೋ ತಂದ, ಸೊಸೆ ಹಾಲಿನಲ್ಲಿ ಕಾಯಿಸಿ ಸೋಸಿ ಕುಡಿಸಿದಳು. ಅಂದು ಅತ್ತೆ ತಿಂಗಳ ಮೇಲೆ ಮೊದಲ ಸಲ ಎರಡು ತುತ್ತು ಉಂಡು, "ಇನ್ನೊಂಚೂರು ಹಾಕೇ" ಎಂದಿದ್ದಳು. ಆ ಮಾತು ಕೇಳಿ ಸೊಸೆಗೆ ಅಳುವೇ ಬಂದಿತ್ತು!

"ನಮ್ಮ ಯಜಮಾನರಿಗೆ ಮಾತ್ರ ಹೇಳಬೇಡಿ," ಎಂದು ಅತ್ತೆ ಇಬ್ಬರ ಕೈಯನ್ನೂ ಹಿಡಿದುಕೊಂಡಿದ್ದಳು. "ಕೆಂಪು ದೀಪ ಬಿದ್ರೆ ಖಾಲಿ ರಸ್ತೇಲೂ ನಿಲ್ಲೋ ಮನುಷ್ಯ ಅದು."

ಮಗ ಗಡಿಯಾರ ರಿಪೇರಿಯವನು. ತನ್ನ ಸಾಮಾನಿನ ತಗಡಿನ ಪೆಟ್ಟಿಗೆಯಲ್ಲೇ ಆ ಸೊಪ್ಪನ್ನೂ ಇಟ್ಟು ಬೀಗ ಹಾಕಿದ್ದ. ಪೆಟ್ಟಿಗೆಯಲ್ಲಿ ಕೈಗಡಿಯಾರದ ಚಿನ್ನದ ಪಟ್ಟಿ ತೂಗುವ ಪುಟ್ಟ ತಕ್ಕಡಿ, ಒಂದೊಂದು ಗಡಿಯಾರದ ತಿರುಪುಗಳನ್ನು ಬೇರೆಬೇರೆ ಹಾಕಿಡುವ ನೂರು ಪುಟ್ಟ ಪ್ಲಾಸ್ಟಿಕ್ ಚೀಲಗಳು. ಸೊಪ್ಪು, ತಕ್ಕಡಿ, ಚೀಲ! ಇನ್ನೇನು ಬೇಕು? ಗುಡ್ಡ ಅಗೆದು ಇಲಿ ಹಿಡಿದ ಪೊಲೀಸರು ಇಲಿಯನ್ನೇ ಹುಲಿ ಎಂದು ಬರೆದರು. ಸೇದುವವನಲ್ಲ, ಮಾರುವವನು ಎಂದು ಕೋರ್ಟು ನಂಬಿತು. ಪೆಟ್ಟಿಗೆ ಪೊಲೀಸರ ಕೈಸೇರಿದಾಗ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಎರಡು: ಒಂದು ಅವನ ಜೇಬಿನಲ್ಲಿ, ಇನ್ನೊಂದು ಹೆಂಡತಿಯ ಬಳಿ. ಹೆದರಿ ಹೇಳಿಬಿಟ್ಟಳು ಎಂದು ಅವನು ಅಂದೇ ತೀರ್ಮಾನಿಸಿದ. ಎರಡು ತಿಂಗಳಿಗೆ ತಾಯಿ ತೀರಿಕೊಂಡಳು. ಹೆಂಡತಿ ಪ್ರತಿ ತಿಂಗಳೂ ಜೈಲಿನ ಬಾಗಿಲಿಗೆ ಹೋದಳು. ಅಪ್ಪ ಹೋದಾಗ ಭೇಟಿಗೆ ಬರುತ್ತಿದ್ದವನು, ಅವಳು ಹೋದಾಗ ಒಂದು ಸಲವೂ ಹೊರಗೆ ಬರಲಿಲ್ಲ.

ಅಪ್ಪ ಕಾಗದವನ್ನು ಮೇಜಿನ ಮೇಲಿಟ್ಟ. ನಲವತ್ತು ವರ್ಷ ಬೀಗ ರಿಪೇರಿ ಮಾಡಿದ ಕೈಯಿಂದ ಅದರ ಮಡಿಕೆಯನ್ನು ನೀವಿದ.

"ಆ ಬೀಗ ತೆಗೆದದ್ದು ನಾನು."

ಮಗ ನಕ್ಕುಬಿಟ್ಟ. "ಅವಳನ್ನ ಉಳಿಸೋಕೆ ಸುಳ್ಳು ಹೇಳಬೇಡಿ. ಮಾಲೀಕ ಎದುರಿಗಿಲ್ಲದೆ ನೀವು ಯಾರ ಬೀಗ ಮುಟ್ಟಿದೀರಿ ಹೇಳಿ?"

"ನಿನ್ನದು ಮುಟ್ಟಿದೆ ಕಣೋ... ವಾಸನೆ ಬಂತು, ಮಗ ಹಾಳಾದ ಅಂದ್ಕೊಂಡೆ. ಇನ್ಸ್‌ಪೆಕ್ಟರು ಗುರುತಿನವರು. ಸ್ವಲ್ಪ ಗದರಿಸಿ ಕಳಿಸಿ ಸಾರ್, ನನ್ನ ಹೆಸರು ಬೇಡ ಅಂತ ಪೆಟ್ಟಿಗೆ ಕೊಟ್ಟೆ. ತೆರೆದ ಪೆಟ್ಟಿಗೆಯಿಂದ ಒಂದು ಸೂಜಿಯನ್ನೂ ತೆಗೀಬಾರದು ಅನ್ನೋದು ನಮ್ಮ ಕಸುಬಿನ ಮರ್ಯಾದೆ... ಹಾಳು ಮರ್ಯಾದೆ! ಆ ತಕ್ಕಡಿ, ಆ ಚೀಲಗಳನ್ನಾದ್ರೂ ತೆಗೆದಿಟ್ಟಿದ್ರೆ! ನಿಮ್ಮಮ್ಮನಿಗೇ ತಂದದ್ದು ಅಂತ ಗೊತ್ತಾಗೋ ಹೊತ್ತಿಗೆ ಎಲ್ಲಾ ಕೈ ಮೀರಿತ್ತು. ಅವಳ ಬಾಯಿಗೆ ಬಂದ ತುತ್ತು ನಾನೇ ಕಸಿದೆ ಕಣೋ..."

"ಐದು ವರ್ಷ... ನನ್ನೆದುರು ಬಂದು ಕೂತ್ಕೊಳ್ತಿದ್ರಲ್ಲ ಅಪ್ಪಾ!"

"ಇವತ್ತು ಹೇಳ್ತೀನಿ ಅಂತಲೇ ಬರ್ತಿದ್ದೆ. ನಿನ್ನ ಮುಖ ನೋಡಿದ್ರೆ ನಾಲಿಗೆ ಏಳ್ತಿರಲಿಲ್ಲ. ನೀನು ಅವಳನ್ನ ಬೈದೆ. ನಾನು... ಸುಮ್ಮನೆ ಕೇಳಿಸ್ಕೊಂಡೆ."

"ಮಾವ, ಸಾಕು," ಎಂದಳು ಸೊಸೆ ಬಾಗಿಲಿನಿಂದ.

ಮಗ ಮೊದಲ ಸಲ ಅವಳತ್ತ ತಿರುಗಿದ. "ನಿನಗೆ ಗೊತ್ತಿತ್ತಾ?"

"ಪೆಟ್ಟಿಗೆ ಟವೆಲಲ್ಲಿ ಸುತ್ಕೊಂಡು ಹೋಗ್ತಿದ್ದದ್ದನ್ನ ಕಿಟಕಿಯಿಂದ ನೋಡಿದ್ದೆ."

"ಮತ್ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಬಂದ್ರೆ ನೀವು ಹೊರಗೆ ಬರಲಿಲ್ಲ. ಆಮೇಲೆ ಅತ್ತೇನೂ ಹೋದ್ರು... ನನ್ನನ್ನ ಹೇಗೂ ಬಿಟ್ಟಾಗಿತ್ತು. ನಿಜ ಗೊತ್ತಾಗಿ ಮಾವನನ್ನೂ ಬಿಟ್ಟಿದ್ರೆ ತಿಂಗಳಿಗೊಮ್ಮೆ ನಿಮ್ಮನ್ನ ನೋಡೋಕೆ ಯಾರು ಬರ್ತಿದ್ರು?"

ಅವನು ಕುರ್ಚಿಯಲ್ಲಿ ಕುಸಿದು ಕುಳಿತ. ಅಪ್ಪ ಮೆಲ್ಲಗೆ ಎದ್ದು ಗೂಟದಲ್ಲಿದ್ದ ಕೋಟಿಗೆ ಕೈಹಾಕಿದ. "ನಾನು ಅಂಗಡಿಯ ಮೇಲಿನ ಕೋಣೇಲಿ ಇರ್ತೀನಿ. ನೀವಿಬ್ಬರೂ ಹೋಗಿ ಚೆನ್ನಾಗಿರಿ."

"ಕೂತ್ಕೊಳ್ಳಿ ಅಪ್ಪಾ." ಮಗ ಕೋಟಿನ ತೋಳು ಹಿಡಿದು ಎಳೆದ. "ಸಿಟ್ಟು ಇದೆ. ಇವತ್ತಿಗೆಲ್ಲ ಹೋಗೋದಲ್ಲ ಅದು. ಆದ್ರೆ ನೀವು ನನ್ನ ಹೆದರಿಸೋಕೆ ಹೋಗಿ ಎಡವಿದ್ರಿ. ನಾನು ಇವಳಿಗೆ ಮಾಡಿದ್ದು... ದಿನಾ ಬೇಕಂತಲೇ ಮಾಡಿದೆ!"

ಹೀಗೆ ಹೇಳಿ ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ಅವಳು ಬಂದು ಬೆನ್ನು ಸವರುವಳೆಂದು ಮುದುಕ ಕಾದ. ಅವಳು ಬರಲಿಲ್ಲ. ಒಳಕೋಣೆಯಲ್ಲಿ ಬೀರು ತೆಗೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಒಂದು ಬ್ಯಾಗು ಹಿಡಿದು ಹೊರಬಂದಳು. ಇಷ್ಟು ವರ್ಷ ಒಣಗಿದ್ದ ಕಣ್ಣುಗಳಿಂದ ಈಗ ನೀರು ಧಾರಾಕಾರವಾಗಿ ಸುರಿಯುತ್ತಿತ್ತು.

"ನಾಲ್ಕು ದಿನ ಅಮ್ಮನ ಮನೆಗೆ ಹೋಗ್ತೀನಿ. ಗಂಡನ್ನ ಹಿಡಿದುಕೊಟ್ಟವಳು ಅಂತ ಅಲ್ಲೂ ಅಂದ್ಕೊಂಡಿದಾರೆ. ಇಷ್ಟು ದಿನ ಹೋಗೋಕೆ ಮುಖ ಇರಲಿಲ್ಲ. ಅಲ್ಲಿ ಹೋಗಿ ಜೋರಾಗಿ ಅಳಬೇಕು ನಾನು. ಇಲ್ಲಿ ಅತ್ತರೆ ನೀವಿಬ್ಬರೂ ಜೊತೆಗೆ ಶುರು ಮಾಡ್ತೀರಿ, ನಿಮ್ಮನ್ನ ಸಮಾಧಾನ ಮಾಡೋ ಕೆಲಸಾನೂ ನನಗೇ ಬೀಳುತ್ತೆ."

ಮಗ ಮುಖ ಒರೆಸಿಕೊಂಡು ಎದ್ದ. ಅವಳ ಕೈಯಿಂದ ಬ್ಯಾಗು ತೆಗೆದುಕೊಂಡ. ಬಸ್ ನಿಲ್ದಾಣದವರೆಗೂ ಅವಳ ಪಕ್ಕದಲ್ಲಿ ನಡೆದ. ಬಸ್ಸು ಬಂದು ನಿಂತ ಮೇಲೂ ಬ್ಯಾಗು ಕೊಡಲಿಲ್ಲ.

"ಕರ್ಕೊಂಡು ಬರೋಕೆ ನಾನೇ ಬರ್ತೀನಿ. ನಿಮ್ಮಮ್ಮನಿಗೂ ನಾನೇ ಎಲ್ಲಾ ಹೇಳ್ತೀನಿ. ಗುರುವಾರ ಬರಲಾ?"

ಅವಳು ಮೆಟ್ಟಿಲು ಹತ್ತಿ, ಕೈಚಾಚಿ ಬ್ಯಾಗು ಎಳೆದುಕೊಂಡಳು. ಕಂಡಕ್ಟರು ಗೊಣಗುತ್ತಿದ್ದ.

"ನಾಳೆ ಬಂದ್ರೂ ಬೇಡ ಅನ್ನಲ್ಲ," ಎಂದಳು.