ಅಕ್ಕನ ಮಾಸ್ಕು

ಅಮೆರಿಕದ ಡುಲುತ್‌ನಲ್ಲಿದ್ದ ನನ್ನ ಅಕ್ಕ ಲೊರೆಟ್ಟಾ ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಅರ್ಧಕ್ಕರ್ಧ ಇಳಿದಿದ್ದಳು. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಹೋಗಿದೆಯೋ ಇಲ್ಲವೋ ಪರೀಕ್ಷೆ ಆಗುವ ತನಕ, ಮಾಸ್ಕಿನ ಮೂಲಕ ಮೂಗಿಗೆ ಗಾಳಿ ಊದುವ ಯಂತ್ರ ಬಿಡಬೇಡಿ ಎಂದಿದ್ದರು ಡಾಕ್ಟರು.

"ಸಣ್ಣಗಾದ್ಯಲ್ಲೇ, ಇನ್ನೂ ಯಾಕೆ ಈ ಆನೆ ಸೊಂಡ್ಲು? ಇದ್ರ ಬುಸ್‌ಬುಸ್‌ಗೆ ನಂಗೆ ನಿದ್ದೆ ಇಲ್ಲ" ಎಂದು ಭಾವ ಗಾರ್ತ್ ಅದರ ವೈರನ್ನೇ ಕತ್ತರಿಸಿ ಬಿಸಾಡಿ, ಯಂತ್ರವನ್ನು ಕಪಾಟಿಗೆ ತುರುಕಿದ. ಆ ವಾರವೇ ಅಕ್ಕ ನಿದ್ದೆಯಲ್ಲಿ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮಧ್ಯಾಹ್ನ, ನೆರೆಯವರು ತಂದಿಟ್ಟ ಆಲೂಗಡ್ಡೆ ಹಾಟ್‌ಡಿಶ್ ಬಾರಿಸಿ ಗಾರ್ತ್ ಸೋಫಾದಲ್ಲಿ ಉರುಳಿದ. ಗೊರ್‌ರ್‌... ಪುಸ್. ಈ ಗೊರಕೆಯನ್ನು ಅಣಕಿಸಿ ಅಕ್ಕನನ್ನು ಎಷ್ಟು ನಗಿಸಿದ್ದೆನೋ! ಅದು ಥಟ್ಟನೆ ನಿಂತಿತು. ಕಪಾಟಿನೊಳಗಿಂದ ಬುಸ್... ಬುಸ್... ಎಂದು ಕೇಳಿಸತೊಡಗಿತು.

ಬಾಗಿಲು ತೆರೆದೆ. ವೈರಿಲ್ಲದ ಯಂತ್ರದ ಕೊಳವೆ ಬೆಚ್ಚಗಿತ್ತು. ತುದಿಗೆ ಅಂಗೈ ಒಡ್ಡಿದೆ. ಊದಬೇಕಾದದ್ದು ಎಳೆಯುತ್ತಿತ್ತು. ಅತ್ತ ಗಾರ್ತ್‌ನ ತುಟಿ ನೀಲಿಯಾಗುತ್ತಿತ್ತು.

"ಅಕ್ಕಾ, ಈಗ್ಲೇ ಬಿಡ್ಬೇಡ ಕಣೇ. ಇನ್ನೊಂಚೂರು" ಎಂದೆ.

ಇನ್ನೊಂಚೂರು ಆದಮೇಲೆ ಸದ್ದು ನಿಂತಿತು.

"ಯಾರೇ ಅದು ನನ್ ಮೂಗು ಮುಚ್ಚಿದ್ದು?" ಎಂದು ಗಾರ್ತ್ ಏದುಸಿರು ಬಿಡುತ್ತಾ ಎದ್ದು ಕುಳಿತ. ಅವನ ಕೊಬ್ಬಿದ ಕೆನ್ನೆಗಳ ಮೇಲೆ ಮಾಸ್ಕಿನ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು.

ಆ ಮಾಸ್ಕನ್ನು ಬೆಳಿಗ್ಗೆ ನಾನೇ, ಅವನ ಕಣ್ಣು ತಪ್ಪಿಸಿ, ಶವಪೆಟ್ಟಿಗೆಯಲ್ಲಿ ಅಕ್ಕನ ಕೈಗಿಟ್ಟು ಬಂದಿದ್ದೆ.