ಮಧ್ಯಮವೋ, ಪಂಚಮವೋ

“ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿರಿ,” ಎಂದ ಯರ್ರಿಸ್ವಾಮಿ. ಅದು ಮೊದಲ ಪಾಠ.

ಶಾಂತಲಾ ತಿರುಗಿದಳು. ಬೆನ್ನ ಹಿಂದೆ ಹಾರ್ಮೋನಿಯಂ ಎರಡು ಸ್ವರ ನುಡಿಯಿತು.

“ಷಡ್ಜ... ಆಮೇಲೆ ಮಧ್ಯಮ?”

“ಪಂಚಮ. ಮಧ್ಯಮ ಆಗಿದ್ರೆ ಇನ್ನೂ ಎಲ್ಲಿಗೋ ಹೋಗ್ಬೇಕು ಅನ್ಸತೈತೆ. ಪಂಚಮಕ್ಕೆ ಬಂದ್ರೆ ನೆಮ್ಮದಿಯಾಗಿ ಕುಂತಂಗೆ.”

ಜಗಳೂರು ಬಸ್ ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯ ಮಹಡಿಯಲ್ಲಿ ಅವನ ಪಾಠ. ಸೊಕ್ಕೆಯ ಶಾಲೆಯಲ್ಲಿ ಟೀಚರ್ ಆಗಿದ್ದ ಶಾಂತಲಾ ಬಸ್ಸಿನಲ್ಲಿ ಬಂದು, ಸ್ವರಗಳ ಅಂತರವನ್ನು ಕಿವಿಯಿಂದಲೇ ಗುರುತಿಸುವುದನ್ನು ಕಲಿಯುತ್ತಿದ್ದಳು.

ಅವಳು ನುಡಿಸುವಾಗ ಅವನ ಕಣ್ಣು ಅವಳ ಬೆರಳು ಬಿಟ್ಟು ಕದಲುತ್ತಿರಲಿಲ್ಲ. ಅವಳು ಮಾತಾಡಿದರೆ ನೋಟ ತುಟಿಗೆ ಬರುತ್ತಿತ್ತು. ಅವಳ ಕೆನ್ನೆ ಬಿಸಿಯಾಗುತ್ತಿತ್ತು.

“ಏನ್ರೀ ಹಂಗೆ ನೋಡ್ತೀರಿ?”

“ನೋಡಬಾರ್ದಾ?”

ಆದರೆ ಈಚೆಗೆ ಏನೋ ಸರಿಯಿರಲಿಲ್ಲ. ಗೋಡೆ ಕಡೆ ತಿರುಗಲು ಅವನು ಬಿಡುತ್ತಿರಲಿಲ್ಲ, ಎದುರಿಗೇ ಕೂರಿಸಿ ಕಣ್ಣಷ್ಟೇ ಮುಚ್ಚಿಸುತ್ತಿದ್ದ. ಅವಳು ಮೆಟ್ಟಿಲು ಹತ್ತಿ ಬಂದದ್ದು ತಿಳಿಯದೆ, ನೆರಳು ಬಿದ್ದಾಗ ಬೆಚ್ಚಿ ಏಳುತ್ತಿದ್ದ. “ಬೇಗ ಕಲೀರಿ,” ಎಂದು ಅವಸರ ಮಾಡುತ್ತಿದ್ದ. ಅವಳಿಗೆ ಭಯವಾಗತೊಡಗಿತು.

ಒಂದು ಸಂಜೆ ಅವಳು ತನ್ನ ವೇಲನ್ನು ಹಾರ್ಮೋನಿಯಂನ ಕೀಗಳ ಮೇಲೆ ಹೊದಿಸಿದಳು.

“ಇವತ್ತು ನೀವು ಹೇಳ್ರಿ.”

ಅವನ ನಗು ಅರ್ಧಕ್ಕೇ ನಿಂತಿತು. ಅವಳು ವೇಲಿನಡಿ ಕೈ ತೂರಿಸಿ ಷಡ್ಜ, ಗಾಂಧಾರ ನುಡಿಸಿದಳು.

“ಪಂಚಮ,” ಎಂದ.

ಅವಳು ಮತ್ತೊಮ್ಮೆ ಕೈಯಾಡಿಸಿದಳು.

“ಮಧ್ಯಮ?”

ಈ ಸಲ ಅವಳು ತಿದಿಯನ್ನಷ್ಟೇ ಆಡಿಸಿದ್ದಳು. ಕೋಣೆಯಲ್ಲಿ ಯಾವ ಸ್ವರವೂ ಹೊರಟಿರಲಿಲ್ಲ.

ಶಾಂತಲಾ ತಿದಿಯಿಂದ ಕೈ ತೆಗೆದಳು. “ಯಾವಾಗಿಂದ ಹಿಂಗೆ?”

“ಯುಗಾದಿ ಆದ್ಮೇಲೆ ಜಾಸ್ತಿ ಆತು. ಎಡಗಿವಿ ಪೂರಾ ಹೋಗೈತೆ. ಬಲಗಿವಿನೂ ಉಳಿಯಾಕಿಲ್ಲ ಅಂದಾರೆ ಡಾಕ್ಟ್ರು.”

“ಅಂದ್ರೆ ನೀವು ನನ್ನ ನೋಡ್ತಿರಲಿಲ್ಲ. ಕೀ ನೋಡ್ತಿದ್ರಿ, ತುಟಿ ಓದ್ತಿದ್ರಿ.”

“ಹೌದು.” ಅವನು ತಲೆ ತಗ್ಗಿಸಿದ. “ಆದ್ರೆ ನೀವು ಕಣ್ಣು ಮುಚ್ಕೊಂಡು ಸುಮ್ನೆ ಕುಂತಾಗ್ಲೂ ನೋಡ್ತಿದ್ದೆ. ಆವಾಗ ಓದಾಕೆ ಏನೂ ಇರಲಿಲ್ಲ ಶಾಂತಲಾ.”



“ಹೋಗ್ರಿ ಇನ್ನ. ಕಿವುಡನ ಹತ್ರ ಸಂಗೀತ ಕಲಿಯಾಕೆ ಯಾರು ಬರ್ತಾರೆ?” ಎಂದು ಅವನು ಕಿಟಕಿ ಮುಚ್ಚಲು ತಿರುಗಿದ.

“ಕಲಿಯಾಕಲ್ಲ, ನಿಮ್ಜೊತೆ ಇರಾಕೆ ಬರ್ತೀನಿ,” ಎಂದಳು.

ಅವನು ತಿರುಗಲಿಲ್ಲ. ಚಿಲಕ ಹಾಕುತ್ತಲೇ ಇದ್ದ.

ಮುಂದಿನ ಬದುಕಿಡೀ ಹೀಗೇ ಎಂಬುದು ಶಾಂತಲಾಳಿಗೆ ಹೊಳೆಯಿತು. ಒಂದು ಗಳಿಗೆ ನಿಂತಲ್ಲೇ ನಿಂತಳು. ಆಮೇಲೆ ಅವನಿಗೂ ಕಿಟಕಿಗೂ ನಡುವೆ ನುಸುಳಿ, ಅವನ ಗಲ್ಲ ಹಿಡಿದೆತ್ತಿ, ಅದೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದಳು.