ಕಲ್ಲಿದ್ದಲು ಬೋಗಿಯ ಬೆಲೆ

ಗಾರ್ಡ್ ಬೋಗಿ ಕೈತಪ್ಪಿದ್ದು ಬುಧವಾರ ಸಂಜೆ ನಾಲ್ಕು ಹತ್ತಕ್ಕೆ. ನಾಲ್ಕು ಹನ್ನೊಂದಕ್ಕೆಲ್ಲ ಹಲ್ಲಿನ ಡಾಕ್ಟರು ತಮ್ಮ ದವಾಖಾನೆಯಲ್ಲಿ ಕಳ್ಳರಿದ್ದಾರೆಂದು ಸಾರಿಬಿಟ್ಟರು.

"ನೂರು! ಬರೀ ನೂರು ಹೆಚ್ಚಿಗೆ!" ಅವರ ಕೈಗವಸು ಇನ್ನೂ ಒದ್ದೆಯಾಗಿತ್ತು. "ನಾನು ಇಪ್ಪತ್ನಾಲ್ಕು ಸಾವಿರ. ಅವನು ಇಪ್ಪತ್ನಾಲ್ಕು ಸಾವಿರದ ನೂರು. ನನ್ನ ನಂಬರ್ ಗೊತ್ತಿಲ್ದೆ ಯಾರಾದ್ರೂ ಹೀಗೆ ಹೊಡೆಯೋಕಾಗುತ್ತಾ? ಹೇಳಿ — ಆಗುತ್ತಾ?"

ಕುರ್ಚಿಯಲ್ಲಿ ಮಲಗಿದ್ದ ರೋಗಿಗೆ ಉತ್ತರ ಹೇಳುವ ಆಸೆಯೇನೋ ಇತ್ತು. ಆದರೆ ಬಾಯಿ ತುಂಬ ಹತ್ತಿ.

ವಿಷಯ ಇಷ್ಟೇ. ಎಂದೋ ಮುಚ್ಚಿಹೋದ ಕಾರ್ಖಾನೆಯೊಂದರ ತಗಡಿನ ರೈಲನ್ನು ಡಾಕ್ಟರು ಬೋಗಿ ಬೋಗಿಯಾಗಿ ಕೂಡಿಹಾಕುತ್ತಿದ್ದರು. ಇಂಜಿನ್ ಬಂದಿತ್ತು. ಹಾಲಿನ ಬೋಗಿ, ಅಂಚೆ ಬೋಗಿ, ಕಲ್ಲಿದ್ದಲು ಬೋಗಿ, ಎಲ್ಲವೂ ಗಾಜಿನ ಬೀರು ಸೇರಿದ್ದವು. ಉಳಿದದ್ದು ಕೊನೆಯ ಗಾರ್ಡ್ ಬೋಗಿ. ಅವೆಲ್ಲ ಮಾರಾಟವಾಗುತ್ತಿದ್ದದ್ದು ಇಂಟರ್ನೆಟ್ಟಿನ ಹರಾಜಿನಲ್ಲಿ. ಅಲ್ಲಿ ಮೊದಲೇ ಕೂಗಿದವನು ಮೂರ್ಖ, ಮಲಗಿದ್ದವರನ್ನೆಲ್ಲ ತಟ್ಟಿ ಎಬ್ಬಿಸಿದಂತೆ ಎಂಬುದು ಡಾಕ್ಟರ ಸಿದ್ಧಾಂತ. ಕೊನೆಯ ನಾಲ್ಕು ಸೆಕೆಂಡು ಉಳಿದಾಗ ಒಂದೇ ಏಟು ಹೊಡೆಯಬೇಕು. ಎದುರಾಳಿ ಕಣ್ಣು ಬಿಡುವಷ್ಟರಲ್ಲಿ ಆಟ ಮುಗಿದಿರಬೇಕು.

ತೊಂದರೆಯೇನೆಂದರೆ, ಆ ನಾಲ್ಕು ಸೆಕೆಂಡಿನಲ್ಲಿ ಡಾಕ್ಟರ ಎರಡೂ ಕೈ ಯಾರದೋ ಬಾಯೊಳಗಿರುತ್ತಿದ್ದವು. ಹಾಗಾಗಿ ಗುಂಡಿ ಒತ್ತುವ ಕೆಲಸ ಕೌಂಟರಿನಲ್ಲಿ ಕೂರುವವಳ ಪಾಲಿಗೆ ಬಂದಿತ್ತು. ಹನ್ನೊಂದು ವರ್ಷದಿಂದ ಟೋಕನ್ ಕೊಟ್ಟೂ ಕೊಟ್ಟೂ ಊರವರಿಗೆಲ್ಲ ಅವಳು 'ಟೋಕನಕ್ಕ'. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟ ಮೊತ್ತವನ್ನು ಕಂಪ್ಯೂಟರಿಗೆ ಹಾಕಿ, ಗಡಿಯಾರ ನೋಡುತ್ತ ಕೂತು, ಒತ್ತುವುದು. ಅಂದೂ ಒತ್ತಿದಳು. ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ.

"ನಂಬರ್ ಗೊತ್ತಿದ್ದಿದ್ದು ನಿನಗೆ, ನನಗೆ," ಎಂದರು ಡಾಕ್ಟರು ಬಾಗಿಲಿಗೆ ಬಂದು. "ನಾನಂತೂ ಮಾರ್ಕೊಂಡಿಲ್ಲಮ್ಮ."

"ಸಾರ್, ಏನು ಮಾತು ಇದು?"

"ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ. ಎಷ್ಟು ಕೊಟ್ರು ನಿನಗೆ? ಕಳ್ಳಿ! ನಾಳೆ ಮಧ್ಯಾಹ್ನ ಬಂದು ಬೀಗದಕೈ ಕೊಟ್ಟು ಹೋಗು."

ಬೆಂಚಿನ ಮೇಲೆ ಆರು ಜನ ಕೂತಿದ್ದರು. ಅವರ ಹಲ್ಲುನೋವು ಅರೆಗಳಿಗೆ ನಿಂತೇಹೋಯಿತು. ಟೋಕನಕ್ಕ ಯಾರ ಮುಖವನ್ನೂ ನೋಡದೆ ಚೀಲ ತೆಗೆದುಕೊಂಡು ಹೊರಟಳು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಹೆಸರು ಹೋದರೆ ಕೊಡುವವರು ಯಾರು? ಊರಲ್ಲಿರುವುದೇ ನಾಲ್ಕು ದವಾಖಾನೆ, ನಾಳೆ ಬೆಳಗಾಗುವಷ್ಟರಲ್ಲಿ ನಾಲ್ಕಕ್ಕೂ ಸುದ್ದಿ ಮುಟ್ಟಿರುತ್ತದೆ.

ಮನೆಯಲ್ಲಿ ಅವಳ ದೊಡ್ಡಮ್ಮ ಕಿಟಕಿ ಪರದೆಯ ಅಂಚು ಹೊಲಿಯುತ್ತಿದ್ದಳು. ಮೂವತ್ತು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವಳು. ಅವಳ ನೆರಳು ಕಂಡರೆ ಸಾಕು, ಅಂಗಡಿಯವರು ತಕ್ಕಡಿಯ ತಳ ಒರೆಸುತ್ತಿದ್ದರಂತೆ.

"ಅಳಬೇಡ ಅನ್ನಲ್ಲ," ಎಂದಳು ದೊಡ್ಡಮ್ಮ. "ಅತ್ತು ಮುಗಿಸು. ಆಮೇಲೆ ಕೇಳ್ತೀನಿ."

ಅಳು ಮುಗಿಯಿತು. ಪ್ರಶ್ನೆ ಶುರುವಾಯಿತು.

"ಚೀಟಿ ನಿನ್ನ ಕೈಗೆ ಯಾವಾಗ ಬರುತ್ತೆ?"

"ಹರಾಜಿನ ದಿನ, ಡಾಕ್ಟರು ಊಟ ಮುಗಿಸಿ ಬಂದ ಮೇಲೆ. ಅದಕ್ಕೆ ಮುಂಚೆ ನಂಗೆ ಗೊತ್ತೇ ಇರಲ್ಲ."

"ಆಮೇಲೆ ಆ ಚೀಟಿ?"

"ಮೇಜಿನ ಮೇಲೆ ಕಂಬಿ ಇದೆಯಲ್ಲ, ಅದಕ್ಕೆ ಚುಚ್ಚಿಡ್ತೀನಿ. ನಾನು ಕಾಗದ ಎಸೆಯೋಳಲ್ಲ."

"ಬೇರೆ ಯಾರ ಕಣ್ಣಿಗೆ ಬೀಳುತ್ತೆ?"

ಟೋಕನಕ್ಕ ದನಿ ತಗ್ಗಿಸಿದಳು. "ಸೆಟ್ಟು ಮಾಮನ ಕಣ್ಣಿಗೆ. ಹಿಂದಿನ ಕೋಣೇಲಿ ಹಲ್ಲಿನ ಸೆಟ್ಟು ಮಾಡ್ತಾರಲ್ಲ, ಅವರು. ದಿನಕ್ಕೆ ಹತ್ತು ಸಲ ನನ್ನ ಮೇಜಿನ ಹತ್ರ ಬರ್ತಾರೆ. ಹೋದ ತಿಂಗಳು ಹೊಸ ಬೈಕ್ ಬೇರೆ ತಗೊಂಡ್ರು. ಎಲ್ಲಿಂದ ಬಂತು ದೊಡ್ಡಮ್ಮ ದುಡ್ಡು?"

"ಬೈಕ್ ತಗೊಂಡೋರೆಲ್ಲ ಕಳ್ಳರಾದ್ರೆ ರಸ್ತೇಲಿ ಓಡಾಡೋರು ಯಾರೇ? ಡಾಕ್ಟರು ನಿನ್ನ ಮೇಲೆ ಗೂಬೆ ಕೂರಿಸಿದ್ದೂ ಹೀಗೇ ಅಲ್ವಾ?"

ಟೋಕನಕ್ಕನಿಗೆ ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ. ಅನುಮಾನ ಹಾಗೇ, ಒಮ್ಮೆ ಒಳಗೆ ಬಂದರೆ ಚಾಪೆ ಹಾಸಿಕೊಂಡು ಮಲಗಿಬಿಡುತ್ತದೆ.

"ಆ ಫೋಟೋ ಸ್ಟುಡಿಯೋದವನು? ಡಾಕ್ಟರ ಗೆಳೆಯ?"

"ಪಾಪ, ಅವರು ಡಾಕ್ಟರ ಎದುರು ಕೂಗೋದೇ ಇಲ್ಲ. ಅವರೂ ತಗಡಿನ ಆಟಿಕೆ ಸೇರಿಸ್ತಾರೆ. ಅದಕ್ಕೇ ಇಬ್ಬರೂ ಒಪ್ಪಂದ ಮಾಡ್ಕೊಂಡಿದ್ದಾರೆ. ಹರಾಜಿಗೆ ಎರಡು ದಿನ ಮುಂಚೆ ಕೂತು ಮಾತಾಡೋದು, ಯಾರಿಗೆ ಆಸೆ ಹೆಚ್ಚೋ ಅವರಿಗೆ ಇನ್ನೊಬ್ಬರು ಬಿಟ್ಟುಕೊಡೋದು."

"ಒಳ್ಳೇ ಸ್ನೇಹ," ಎಂದಳು ದೊಡ್ಡಮ್ಮ, ದಾರ ಕಚ್ಚಿ ತುಂಡು ಮಾಡುತ್ತ. "ನಿಮ್ಮ ಡಾಕ್ಟರು ಗೆದ್ದಾಗ ತುಂಬ ಹಿಗ್ಗಿದ್ದು ಯಾವತ್ತು?"

"ಕಲ್ಲಿದ್ದಲು ಬೋಗಿ ಬಂದಾಗ. ಚೀಟೀಲಿ ಹದಿನೆಂಟು ಸಾವಿರ ಬರೆದಿದ್ರು, ಹದಿನೈದಕ್ಕೇ ಸಿಕ್ಕಿಬಿಡ್ತು. ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರಿಗೆಲ್ಲ ಅದೇ ಕಥೆ."

ದೊಡ್ಡಮ್ಮನ ಸೂಜಿ ಅಲ್ಲೇ ನಿಂತಿತು. "ನಾಳೆ ಮಧ್ಯಾಹ್ನ ಬೀಗದಕೈ ಕೊಡೋಕೆ ಹೋಗ್ತೀಯಲ್ಲ, ನಾನೂ ಬರ್ತೀನಿ."

ಗುರುವಾರ ಒಂದೂವರೆಗೆ ದವಾಖಾನೆಯ ಹೊರಬಾಗಿಲು ಮುಚ್ಚಿತ್ತು. ಒಳಗೆ ಡಾಕ್ಟರು ಮುಖ ಊದಿಸಿಕೊಂಡು ಕೂತಿದ್ದರು. ಸೆಟ್ಟು ಮಾಮ ಕೈಗಂಟಿದ ಗಾರೆ ತೊಳೆಯುತ್ತಿದ್ದ. ಸ್ಟುಡಿಯೋದವನು ರೋಗಿಯ ಕುರ್ಚಿಯಲ್ಲೇ ಕಾಲು ಚಾಚಿ ಒರಗಿಕೊಂಡು ಗೆಳೆಯನನ್ನು ಸಮಾಧಾನ ಮಾಡುತ್ತಿದ್ದ.

"ಹೋಗಲಿ ಬಿಡೋ. ಇನ್ನೊಂದು ಗಾರ್ಡ್ ಬೋಗಿ ಮುಂದಿನ ವಾರ ಹರಾಜಿಗೆ ಬರುತ್ತಂತೆ. ನೀನು ಎಲ್ಲಿವರೆಗೆ ಹೋಗ್ತೀಯ ಹೇಳು, ನಾನು ದೂರ ಇರ್ತೀನಿ." ಟೋಕನಕ್ಕನನ್ನು ಕಂಡು ಮಾತು ನಿಲ್ಲಿಸಿದ. "ಇವರಾ ಹೀಗೆ ಮಾಡಿದ್ದು? ಮೆತ್ತಗಿದ್ದೋರನ್ನೇ ನಂಬಬಾರದು ನೋಡು."

ಟೋಕನಕ್ಕ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟಳು.

"ನಾನು ಇವಳ ದೊಡ್ಡಮ್ಮ," ಎಂದಳು ದೊಡ್ಡಮ್ಮ, ಯಾರೂ ಹೇಳದೆಯೇ ಸ್ಟೂಲು ಎಳೆದುಕೊಂಡು ಕೂತು. "ಡಾಕ್ಟರೇ, ಹತ್ತು ನಿಮಿಷ ಕೊಡಿ. ಆಮೇಲೂ ಇವಳೇ ಕಳ್ಳಿ ಅನ್ನಿಸಿದ್ರೆ ನಾನೇ ಪೊಲೀಸರನ್ನ ಕರೀತೀನಿ."

"ಇದರಲ್ಲಿ ಕೇಳೋದೇನಿದೆ? ಸರಿಯಾಗಿ ನೂರು ಹೆಚ್ಚಿಗೆ—"

"ಅದನ್ನೇ ಮೊದಲು ನೋಡೋಣ. ಈ ಹತ್ತಿ ಉಂಡೆ ಹರಾಜಿಗಿದೆ. ನಾನೇ ಕಂಪ್ಯೂಟರು. ನೀವೂ ಸೆಟ್ಟು ಮಾಮನೂ ನಿಮ್ಮ ನಿಮ್ಮ ಕಡೇ ಬೆಲೆ ಬರೆದು, ಮಡಚಿ ನನಗೆ ಕೊಡಿ. ಒಬ್ಬರದು ಒಬ್ಬರು ನೋಡಬಾರದು."

ಡಾಕ್ಟರು ಗೊಣಗುತ್ತ ಬರೆದರು. ಸೆಟ್ಟು ಮಾಮ ನಾಚುತ್ತ ಬರೆದ. ದೊಡ್ಡಮ್ಮ ಎರಡೂ ಚೀಟಿ ಬಿಡಿಸಿದಳು.

"ಡಾಕ್ಟರದು ಇಪ್ಪತ್ನಾಲ್ಕು ಸಾವಿರ. ಮಾಮನದು ನಲವತ್ತು ಸಾವಿರ. ಗೆದ್ದವರು ಮಾಮ. ಎಷ್ಟಕ್ಕೆ? ನಿಮ್ಮ ಸೈಟಿನ ನಿಯಮ ಏನು ಡಾಕ್ಟರೇ? ಗೆದ್ದವನು ಎಷ್ಟೇ ಬರೆದಿರಲಿ, ಕೊಡೋದು ಸೋತವನಿಗಿಂತ ಒಂದು ಮೆಟ್ಟಿಲು, ಅಂದ್ರೆ ನೂರು ಮೇಲೆ, ಅಷ್ಟೇ ಅಲ್ವಾ?"

"ಹೌದು... ಇಪ್ಪತ್ನಾಲ್ಕು ಸಾವಿರದ ನೂರು."

"ಮಾಮ, ಡಾಕ್ಟರ ನಂಬರ್ ನಿಮಗೆ ಗೊತ್ತಿತ್ತಾ?"

"ಇಲ್ಲಮ್ಮ! ಬೈಕಿನ ಸಾಲ ತೀರಿಸೋನಿಗೆ ನಲವತ್ತು ಬರೆಯೋ ಅವಕಾಶ ಇನ್ಯಾವಾಗ ಸಿಗುತ್ತೆ ಅಂತ ಬರೆದೆ."

ಟೋಕನಕ್ಕ ತಲೆ ತಗ್ಗಿಸಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ಅಂದ್ರೆ ನಿನ್ನೆ ಗೆದ್ದವನು ಯಾರೋ ದುಡ್ಡಿರೋನು," ಎಂದಳು ದೊಡ್ಡಮ್ಮ. "ನಿಮಗಿಂತ ಎಷ್ಟೋ ಹೆಚ್ಚು ಬರೆದಿದ್ದ. ನೀವು ಎಷ್ಟೇ ಹಾಕಿ ಸೋತಿದ್ರೂ ನಿಮಗೆ ಕಾಣೋದು ಆ ನೂರೇ. ಇದರಲ್ಲಿ ಕಳ್ಳತನ ಇಲ್ಲ."

"ಹಾಗಾದ್ರೆ ಮುಗೀತಲ್ಲ," ಎಂದ ಸ್ಟುಡಿಯೋದವನು, ಕುರ್ಚಿಯಿಂದ ಏಳುತ್ತ. "ಸುಮ್ನೆ ಪಾಪದ ಹೆಂಗಸನ್ನ ಬೈದೆ ಕಣೋ."

"ಕೂತ್ಕೊಳ್ಳಿ. ಕಳ್ಳತನ ಇದರಲ್ಲಿ ಇಲ್ಲ ಅಂದೆ. ಬೇರೆದರಲ್ಲಿ ಇಲ್ಲ ಅನ್ನಲಿಲ್ಲ."

ಸ್ಟುಡಿಯೋದವನು ಕೂತ.

"ಮೋಸದ ತಕ್ಕಡಿ ಹಿಡಿಯೋಕೆ ನಾನು ಯಾವತ್ತೂ ಜಗಳ ಆಡ್ತಿರೋ ಗಿರಾಕಿ ಹತ್ರ ಹೋದವಳಲ್ಲ. ಖುಷಿಯಾಗಿ ಚೀಲ ಹೊತ್ಕೊಂಡು ಮನೆಗೆ ಹೋಗ್ತಿರ್ತಾನಲ್ಲ, ಅವನನ್ನ ನಿಲ್ಲಿಸ್ತಿದ್ದೆ. ಡಾಕ್ಟರೇ, ಕಳೆದುಕೊಂಡ ಬೋಗಿ ಬಿಡಿ. ಗೆದ್ದ ಬೋಗಿ ತೋರಿಸಿ. ಹರಾಜು ಮುಗಿದ ಮೇಲೆ ಸೋತವರು ಎಷ್ಟು ಹಾಕಿದ್ರು ಅನ್ನೋ ಪಟ್ಟಿ ಇರುತ್ತಲ್ಲ, ತೆಗೀರಿ."

ಟೋಕನಕ್ಕ ಕಂಪ್ಯೂಟರಿನಲ್ಲಿ ಪಟ್ಟಿ ತೆಗೆದಳು. ದೊಡ್ಡಮ್ಮ ಕಂಬಿಗೆ ಚುಚ್ಚಿದ್ದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿದಳು. ಡಾಕ್ಟರ ಕೋಳಿಕಾಲು ಬರಹವನ್ನು ಓದಬಲ್ಲವಳು ಟೋಕನಕ್ಕ ಒಬ್ಬಳೇ.

"ಹಾಲಿನ ಬೋಗಿ. ಚೀಟಿಯಲ್ಲಿ ಹನ್ನೆರಡು ಸಾವಿರ," ಎಂದು ಓದಿದಳು ಅವಳು. "ಎರಡನೇ ಸ್ಥಾನ ಗುಬ್ಬಚ್ಚಿ ಅನ್ನೋ ಹೆಸರು. ಹನ್ನೊಂದು ಸಾವಿರದ ಒಂಬೈನೂರು. ಅಂಚೆ ಬೋಗಿ. ಚೀಟಿಯಲ್ಲಿ ಹದಿನಾರು. ಎರಡನೇ ಸ್ಥಾನ... ಗುಬ್ಬಚ್ಚಿಯೇ. ಹದಿನೈದು ಸಾವಿರದ ಒಂಬೈನೂರು."

ಡಾಕ್ಟರು ಕಂಪ್ಯೂಟರಿನತ್ತ ಬಾಗಿ ಆ ಹೆಸರನ್ನು ತಾವೇ ಇನ್ನೊಮ್ಮೆ ಓದಿದರು.

"ಗೆಲ್ಲೋನು ಒಂದು ಮೆಟ್ಟಿಲು ಮೇಲಿರೋದು ಕಂಪ್ಯೂಟರಿನ ನಿಯಮ," ಎಂದಳು ದೊಡ್ಡಮ್ಮ. "ಸೋಲೋನು ಪ್ರತಿ ಸಲ ಸರಿಯಾಗಿ ಒಂದು ಮೆಟ್ಟಿಲು ಕೆಳಗಿರೋದು ಯಾವ ನಿಯಮ? ಅದು ನಿಮ್ಮ ನಂಬರ್ ಗೊತ್ತಿದ್ದೋನು ಮಾತ್ರ ಮಾಡೋ ಕೆಲಸ. ಸೋಲೋಕೆ ಅಂತಲೇ ಕೂಗಿದ್ದಾನೆ. ಬೆಲೆ ಏರಿದ್ರೆ ಜೇಬು ತುಂಬೋದು ಯಾರದು?"

"ಮಾರೋನದು," ಎಂದ ಸೆಟ್ಟು ಮಾಮ.

"ಮೂರೂ ಬೋಗಿ ಮಾರಿದ್ದು ಒಬ್ಬನೇ ಸಾರ್," ಎಂದಳು ಟೋಕನಕ್ಕ. "ನವಿಲುಗರಿ ಅಂತ ಹೆಸರು ಹಾಕ್ಕೊಂಡಿದ್ದಾನೆ."

"ನಂಬರ್ ಗೊತ್ತಿದ್ದಿದ್ದು ಇವಳಿಗೇ ಅಲ್ವಾ ಮತ್ತೆ?" ಸ್ಟುಡಿಯೋದವನ ದನಿ ಏರಿತು. "ಸುತ್ತಿ ಬಳಸಿ ಅಲ್ಲಿಗೇ ಬಂತಲ್ಲ!"

"ಬಂತು. ಈಗ ಕಲ್ಲಿದ್ದಲು ಬೋಗಿ ಓದು ಮಗಳೇ."

"ಚೀಟಿಯಲ್ಲಿ ಹದಿನೆಂಟು ಸಾವಿರ. ಗುಬ್ಬಚ್ಚಿ ಹಾಕಿದ್ದು..." ಟೋಕನಕ್ಕ ತಡೆದಳು. "ಹದಿನಾಲ್ಕು ಸಾವಿರದ ಒಂಬೈನೂರು. ಹರಾಜಿನ ಹಿಂದಿನ ದಿನ ಬೆಳಿಗ್ಗೆ."

"ಗುಬ್ಬಚ್ಚಿಗೆ ಹದಿನೆಂಟು ಗೊತ್ತಿದ್ರೆ ಎಷ್ಟು ಹಾಕಬೇಕಿತ್ತು?"

"ಹದಿನೇಳು ಸಾವಿರದ ಒಂಬೈನೂರು."

"ಹಾಕಲಿಲ್ಲ. ಯಾಕಂದ್ರೆ ಅವನ ಪ್ರಕಾರ ಡಾಕ್ಟರ ಕಡೇ ಬೆಲೆ ಹದಿನೈದು. ಚೀಟಿ ನೋಡಿದ ಇವಳಾಗಲಿ, ಈ ಮಾಮನಾಗಲಿ ಹದಿನೈದು ಅಂದ್ಕೊಳ್ಳೋಕೆ ಸಾಧ್ಯವೇ ಇಲ್ಲ. ಡಾಕ್ಟರೇ, ಮೊದಲು ಹದಿನೈದು ಅಂದ್ಕೊಂಡಿದ್ದು, ಆಮೇಲೆ ಏರಿಸಿದ್ದು ಹೌದಾ?"

"ಹೌದು," ಎಂದರು ಡಾಕ್ಟರು ನಿಧಾನವಾಗಿ. "ಹರಾಜಿನ ದಿನ ಮಧ್ಯಾಹ್ನ ಫೋಟೋ ದೊಡ್ಡದು ಮಾಡಿ ನೋಡಿದೆ. ಬೋಗಿಯ ಕೊಂಡಿ ಮುರಿದಿರಲಿಲ್ಲ. ಚೀಟೀಲಿ ಹದಿನೆಂಟು ಬರೆದೆ."

"ಹದಿನೈದು ಅಂತ ಮೊದಲು ಯಾರಿಗೆ ಹೇಳಿದ್ರಿ? ಯಾರಿಗೆ ಆಸೆ ಹೆಚ್ಚು ಅಂತ ಗೆಳೆಯರು ಕೂತು ಅಳೆಯೋದು ಯಾವ ಸೇರಿನಲ್ಲಿ? ನಾನು ಮೂವತ್ತು ವರ್ಷ ಅಳತೆ ಇಲಾಖೇಲಿದ್ದೋಳು. ಬೆಲೆ ಹೇಳದೆ ಆಸೆ ಅಳೆಯೋಕಾಗಲ್ಲ."

ಡಾಕ್ಟರ ಕಣ್ಣು ತಾನಾಗಿ ರೋಗಿಯ ಕುರ್ಚಿಯ ಕಡೆ ತಿರುಗಿತು.

"ಸಂಶಯ ಬೇಡ ಅಂದ್ರೆ ಸುಲಭ," ಎಂದಳು ದೊಡ್ಡಮ್ಮ ಸ್ಟುಡಿಯೋದವನಿಗೆ. "ನಿಮ್ಮ ಫೋನಲ್ಲಿ ಆ ಸೈಟು ತೆಗೆದು ಎಲ್ಲರೆದುರು ಮೇಜಿನ ಮೇಲಿಡಿ. ಯಾವ ಹೆಸರಲ್ಲಿ ಮಾರ್ತೀರಿ, ಯಾವ ಹೆಸರಲ್ಲಿ ಕೂಗ್ತೀರಿ, ನೋಡೋಣ."

ಸ್ಟುಡಿಯೋದವನ ಕೈ ಜೇಬನ್ನು ಒತ್ತಿ ಹಿಡಿದುಕೊಂಡಿತು. ಕುಂಬಳಕಾಯಿ ಕಳ್ಳನೂ ಇಷ್ಟು ಬೇಗ ಹೆಗಲು ಮುಟ್ಟಿಕೊಂಡಿರಲಾರ.

"ಲೇ," ಎಂದ ಅವನು ಕೊನೆಗೆ, ಡಾಕ್ಟರನ್ನಷ್ಟೇ ನೋಡುತ್ತ. "ನೀನು ಕೊಡ್ತೀನಿ ಅಂದಿದ್ದಕ್ಕಿಂತ ಒಂದು ಕಾಸು ಹೆಚ್ಚು ತಗೊಂಡಿದ್ದೀನಾ? ನಿನ್ನ ಬಾಯಲ್ಲೇ ಬಂದ ಬೆಲೆ ತಾನೆ?"

"ನಮ್ಮಿಬ್ಬರ ಒಪ್ಪಂದ ಕಣೋ ಅದು. ಬಾಯಿಬಿಟ್ಟು ಹೇಳಿದ್ದೆ ನಿನಗೆ."

"ನಾನೇ ಮಾರ್ತಿದ್ದೀನಿ ಅಂದಿದ್ರೆ ನೀನು ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸ್ತಿದ್ದೆ. ನೀನು ಎಂಥೋನು ಅಂತ ನಂಗೊತ್ತಿಲ್ವಾ?"

"ಹೋಗು," ಎಂದರು ಡಾಕ್ಟರು. "ತಪ್ಪಿಲ್ಲದ ಇವಳನ್ನ ನಂಬಬಾರದು ಅಂತ ಇಲ್ಲೇ ಕೂತು ಹೇಳಿದೆಯಲ್ಲೋ. ಎದ್ದು ಹೋಗು."

ಅವನು ಹೋದ. ಡಾಕ್ಟರು ಬೀಗದಕೈ ಗೊಂಚಲನ್ನು ಟೋಕನಕ್ಕನ ಕಡೆ ಸರಿಸಿದರು.

"ತಪ್ಪಾಯ್ತಮ್ಮ. ಇದನ್ನ ನೀನೇ ಇಟ್ಕೋ. ಎಂದಿನ ಹಾಗೆ ಕೆಲಸಕ್ಕೆ ಬಾ."

ಟೋಕನಕ್ಕ ಗೊಂಚಲನ್ನು ಮುಟ್ಟಲಿಲ್ಲ.

"ನಾಲ್ಕು ಗೋಡೆ ಮಧ್ಯೆ ತಪ್ಪಾಯ್ತು ಅಂದ್ರೆ ಸಾಲದು ಸಾರ್. ನೀವು ನನ್ನನ್ನ ಕಳ್ಳಿ ಅಂದಿದ್ದು ಆರು ಜನರ ಎದುರಿಗೆ. ಹನ್ನೊಂದು ವರ್ಷ ದುಡಿದವಳನ್ನ ಒಂದು ಪ್ರಶ್ನೆ ಕೇಳಿ ಆಮೇಲೆ ಬೈಬಹುದಿತ್ತು. ಅದನ್ನೂ ಕೇಳಲಿಲ್ಲ." ನಿನ್ನೆಯ ಟೋಕನ್ ಪುಸ್ತಕ ತೆಗೆದು ಅವರ ಮುಂದಿಟ್ಟಳು. "ಆರೂ ಜನರ ಫೋನ್ ನಂಬರ್ ಇದರಲ್ಲಿದೆ. ಒಬ್ಬೊಬ್ಬರಿಗೂ ನೀವೇ ಹೇಳಿ."

"ಫೋನಲ್ಲಾ? ಏನಂತ ಹೇಳಲಮ್ಮ ನಾನು? ಹೇಗೆ ಶುರು ಮಾಡಲಿ?"

"ನಿನ್ನೆ ಬೈಯೋವಾಗ ನೀವು ಮಾತು ಹುಡುಕಲಿಲ್ಲ."

ಡಾಕ್ಟರು ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಗೋಡೆಯ ಮೇಲಿನ ದವಡೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಸೆಟ್ಟು ಮಾಮನ ಮುಖ ನೋಡಿದರು. ಅವನು ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆಯತೊಡಗಿದ.

ಟೋಕನಕ್ಕ ಮೊದಲ ನಂಬರ್ ಒತ್ತಿ ಫೋನನ್ನು ಡಾಕ್ಟರ ಕೈಗೆ ಕೊಟ್ಟಳು. ಅದು ನಿವೃತ್ತ ಮೇಷ್ಟರದು. ಅವರಿಗೆ ಕಿವಿ ಸ್ವಲ್ಪ ದೂರ.

"ಹಲೋ, ಮೇಷ್ಟ್ರೇ... ನಾನು ಹಲ್ಲಿನ ಡಾಕ್ಟರು... ನಿನ್ನೆ ನಮ್ಮ ಕೌಂಟರಿನಾಕೆಗೆ ಒಂದು ಮಾತು ಅಂದೆ... ಏನು? ಕೇಳಿಸ್ತಿಲ್ವಾ?"

ಡಾಕ್ಟರು ಎದ್ದು ನಿಂತರು. ಕತ್ತಿನ ನರ ಉಬ್ಬಿತು.

"ಅವಳು ಕಳ್ಳಿ ಅಲ್ಲಾ! ತಪ್ಪು ನಂದು! ಅವಳದಲ್ಲಾ, ನಂದು, ನಂದು!"

ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಕಿಟಕಿಯತ್ತ ನೋಡಿದರು. ಟೋಕನಕ್ಕ ಎದ್ದುಹೋಗಿ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದಳು. ಆಮೇಲೆ ತನ್ನ ಕುರ್ಚಿಯಲ್ಲಿ ಕೂತು, ಪುಸ್ತಕದಲ್ಲಿ ಎರಡನೆಯ ನಂಬರಿನ ಮೇಲೆ ಬೆರಳಿಟ್ಟಳು.